ಮಾಷ್ಟ್ರ ಕೆನ್ನೆ

ಸಾಮಾನು ಕೊಳ್ಳುವುದಕ್ಕಿಂತ ಅದನ್ನು ವಿಚಾರಿಸುವುದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವರು ಊರಿಗೊಬ್ಬರಾದರೂ ಇರುತ್ತಾರೆ. ಬಿಜೂರಿನಲ್ಲಿ ಆ ಹುದ್ದೆ ನಮ್ಮ ಮಾಷ್ಟ್ರದು. ಮಿಕ್ಸಿಗಾಗಿ ಒಂದು ಉಪ್ಪುಂದ ಕೊಡಿಹಬ್ಬದಲ್ಲಿ ಶುರುವಾದ ವಿಚಾರಣೆ ಮುಂದಿನ ಕೊಡಿಹಬ್ಬಕ್ಕೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅವರ ಮನೆಯವರು ತಾವೇ ಹೋಗಿ ಒಂದನ್ನು ತಂದು, ಚಟ್ನಿ ಅರೆದು, ಬಡಿಸಿಯೂ ಆಗಿತ್ತು.

ಇಂಥವರಿಗೆ ಗಡ್ಡ ಬೋಳಿಸುವ ಕರೆಂಟಿನ ಮೆಷಿನ್ನು ಬೇಕಾಯಿತು.

ಕಾರಣ ಸಣ್ಣದಲ್ಲ. ಮಾಷ್ಟ್ರು ಯಕ್ಷಗಾನದ ಹವ್ಯಾಸಿ ಸ್ತ್ರೀವೇಷಧಾರಿ. ‘ಸುಧನ್ವಾರ್ಜುನ’ ಪ್ರಸಂಗ ಅಂದರೆ ಪ್ರಭಾವತಿ ಅವರೇ. ವಯಸ್ಸು 61 ಎಂಬುದು ಪ್ರಭಾವತಿಗೆ ಇನ್ನೂ ಗೊತ್ತಾಗಿಲ್ಲ. ಕಳೆದ ಸಲ ಯುದ್ಧಕ್ಕೆ ಹೊರಟ ಗಂಡನನ್ನು ತಡೆದು ನಿಲ್ಲಿಸಿದಾಗ ಕೆನ್ನೆಗೆ ಕೆನ್ನೆ ತಾಗಿತು. ಸುಧನ್ವನಾಗಿದ್ದ ಕಾಲೇಜು ಹುಡುಗ ಕಿವಿಯಲ್ಲಿ, “ಮಾಷ್ಟ್ರೆ, ಹೆರೆಮಣೆ ಕಣಂಗೆ ಇತ್ತಲೆ!” ಅಂದುಬಿಟ್ಟ. ಅಂದಿನ ಪ್ರಭಾವತಿಯ ಶೋಕ ನಿಜವಾದದ್ದು. ಪ್ರೇಕ್ಷಕರೂ ಮೆಚ್ಚಿದರು.

ಬ್ಲೇಡು ಬುಡಕ್ಕೇ ಹೋಗುತ್ತದೆ ನಿಜ, ಹೋಗುವ ದಾರಿಯಲ್ಲಿ ಗೀರೂ ಎಳೆಯುತ್ತದೆ. ಗೀರಿದ ಕೆನ್ನೆಗೆ ಚೌಕಿಯಲ್ಲಿ ಬಣ್ಣ ಹಚ್ಚಿ ನೋಡಿ, ರಂಗಸ್ಥಳಕ್ಕೆ ಬರುವ ಮೊದಲೇ ಕಣ್ಣಲ್ಲಿ ನೀರು. ಕೈ ಹಗುರ ಮಾಡಿದರೆ ಬಣ್ಣದಡಿಯಿಂದ ಗಡ್ಡದ ನೀಲಿ ನೆರಳು ಇಣುಕುತ್ತದೆ. ಗೀರಲೂಬಾರದು, ನೆರಳೂ ಉಳಿಯಬಾರದು ಎಂಬುದು ಮಾಷ್ಟ್ರ ಬೇಡಿಕೆ.

ಬೈಂದೂರಿನ ಅಂಗಡಿಯಲ್ಲಿ ಕೇಳಿದರೆ ಟ್ರಿಮ್ಮರ್ ತೋರಿಸಿದರು. “ಇದ್ ಗಡ್ಡ ಬೆಳ್ಸುವರಿಗೆ ಮರಾಯಾ, ನಂಗೆ ಬೋಳ್ಸುಕೆ ಬೇಕ್” ಎಂದು ಎದ್ದುಬಂದರು. ಕುಂದಾಪುರದಲ್ಲಿ ಎರಡು ಅಂಗಡಿ, ಉಡುಪಿಯಲ್ಲಿ ನಾಲ್ಕು. ಕೊನೆಗೆ ಯಕ್ಷಗಾನದ ಹಾಗೆ ಈ ಮೆಷಿನ್ನುಗಳಲ್ಲೂ ಎರಡು ತಿಟ್ಟು ಇವೆ ಎಂದು ಸಾರಿದರು. ತೆಳು ಜಾಲರಿಯ ಹಿಂದೆ ಬ್ಲೇಡು ಅತ್ತಿತ್ತ ಓಡುವುದು ಬಡಗು. ಕೈಯನ್ನು ನೇರ ಎಳೆಯಬೇಕು. ಮೂರು ತಲೆ ಗಿರಗಿರ ತಿರುಗುವುದು ತೆಂಕು, ದಿಗಿಣದ ಹಾಗೆ; ಕೈಯನ್ನೂ ಸುತ್ತಿಸಬೇಕು. ಈ ದಿಗಿಣದ ತಲೆಯನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿ 1939ರಲ್ಲೇ ತಂದಿತ್ತು, ಆಗ ಅದಕ್ಕೆ ಇದ್ದದ್ದು ಒಂದೇ ತಲೆ ಎಂಬುದನ್ನೂ ಮಾಷ್ಟ್ರು ಬಿಡಲಿಲ್ಲ. ಬಡಗಿನವರಾದ ಅವರು ಯಾವ ಕಡೆ ವಾಲಿದರೆಂದು ಹೇಳಬೇಕಾಗಿಲ್ಲ.

ಅವರ ಪರೀಕ್ಷೆಯ ಸಲಕರಣೆ ಒಂದು ಚಿಟಿಕೆ ಹತ್ತಿ. ಕೆನ್ನೆಯ ಮೇಲೆ ಅದನ್ನು ಕೆಳಗಿಂದ ಮೇಲಕ್ಕೆ ಎಳೆಯುತ್ತಾರೆ. ಎಳೆ ಸಿಕ್ಕಿಕೊಂಡರೆ ಫೇಲು. ಕಿವಿಯ ಬುಡ, ಗದ್ದದ ಕೆಳಗಿನ ಗುಂಡಿ, ಮೂಗಿನ ಕೆಳಗಿನ ಎರಡು ಮೂಲೆ, ಎಲ್ಲದಕ್ಕೂ ಬೇರೆ ಬೇರೆ ಮಾರ್ಕು. ನೂರಕ್ಕೆ ನೂರು ಪಡೆದ ಕೆನ್ನೆ ಈತನಕ ಒಂದೇ, ಅದು ಅವರ ಮೊಮ್ಮಗಳದು. ಪರೀಕ್ಷೆಗೆ ಇಂಥದೇ ಜಾಗ ಆಗಬೇಕೆಂದಿಲ್ಲ. ಬಿಜೂರು ಸ್ಟೇಶನ್ನಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲದೆ ಓಡಿಹೋಗುವುದನ್ನು ನೋಡುತ್ತ ನಿಂತಿದ್ದ ನನ್ನ ಕೆನ್ನೆಗೂ ಒಮ್ಮೆ ಹತ್ತಿ ಬಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಅವರ ಕಡೆಗೆ ಕೆನ್ನೆ ಕೊಡದೆ ಬಾಗಿ ಉಣ್ಣುವುದು ಈಗ ರೂಢಿ.

ಮೆಷಿನ್ನು ಕೊನೆಗೂ ಬಂತು, ಬೆಂಗಳೂರಿನಲ್ಲಿರುವ ಮಗ ಕಳಿಸಿದ್ದು. ಜಾಲರಿಯದು. ಬಂದ ಮೇಲೆ ಎರಡನೇ ವಿಚಾರಣೆ. ಜಾಲರಿ ಎಷ್ಟೇ ತೆಳುವಾದರೂ ಬ್ಲೇಡಿಗೂ ಚರ್ಮಕ್ಕೂ ನಡುವೆ ಅದು ಇದ್ದೇ ಇರುತ್ತದೆ, ಆದ್ದರಿಂದ ಕತ್ತಿಯಷ್ಟು ಬುಡಕ್ಕೆ ಹೋಗದು. ನೀರು ಸಾಬೂನು ಬೇಡದ ಕರೆಂಟಿನ ಮೆಷಿನ್ನನ್ನು ಅಮೆರಿಕದ ಜೇಕಬ್ ಶಿಕ್ 1931ರಲ್ಲಿ ಮಾರಾಟಕ್ಕೆ ತಂದ. ಮೇ ತಿಂಗಳ ಬಿಜೂರನ್ನು ಆತ ಕಂಡಿರಲಿಲ್ಲ. ಇಲ್ಲಿ ಮುಖ ಒರೆಸಿ ಟವೆಲ್ ಇಡುವುದರೊಳಗೆ ಮತ್ತೆ ಬೆವರು, ಮೆಷಿನ್ನು ಜಾರದೆ ಜಗ್ಗುತ್ತದೆ. ಮಾಷ್ಟ್ರು ಕೆನ್ನೆಗೆ ಪೌಡರ್ ಬಳಿದುಕೊಂಡು ಫ್ಯಾನಿನಡಿ ಕೂತು ಸಾಧನೆ ಮಾಡಿದರು. ಚರ್ಮಕ್ಕೆ ರೂಢಿಯಾಗಲು ಎರಡು ಮೂರು ವಾರ ಬೇಕೆಂದು ಕಾಗದದಲ್ಲಿ ಬರೆದಿತ್ತು. ಅಷ್ಟೂ ದಿನ ಡೈರಿ ಬರೆದರು. ಮಂಗಳವಾರ ಮಾತ್ರ ಖಾಲಿ ಬಿಟ್ಟರು. ಕ್ಷೌರದಂಗಡಿಯವನಿಗೆ ಮಂಗಳವಾರ ರಜೆಯಾದರೆ ಮೆಷಿನ್ನಿಗೂ ರಜೆ.

ಗಡ್ಡ ದಿನಕ್ಕೆ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಬೆಳೆಯುತ್ತದೆಂದು ಲೆಕ್ಕ ಹಾಕಿ, ಬೆಳಿಗ್ಗೆ ಬ್ಲೇಡು, ಬಣ್ಣ ಹಚ್ಚುವ ಮುಂಚೆ ಮೆಷಿನ್ನು ಎಂಬ ತೀರ್ಮಾನಕ್ಕೆ ಬಂದರು. ಬೆಳಗಿನ ಗೀರು ಸಂಜೆಗೆ ಒಣಗಿರುತ್ತದೆ, ಹಗಲಲ್ಲಿ ಮೂಡಿದ್ದನ್ನು ಮೆಷಿನ್ನು ಗೀರದೆ ತೆಗೆಯುತ್ತದೆ. ಹತ್ತಿ ಜಾರಿತು. ಎರಡು ವರ್ಷದ ವಿಚಾರಣೆ ಫಲ ಕೊಟ್ಟಿತ್ತು.

ಆ ವರ್ಷದ ಆಟಕ್ಕೆ ‘ಹರಿಶ್ಚಂದ್ರ’ ಎಂದಾಯಿತು. ಚಂದ್ರಮತಿ ಆ ಕಾಲೇಜು ಹುಡುಗನಿಗೆ ಹೋಯಿತು, ಮಾಷ್ಟ್ರಿಗೆ ಸಿಕ್ಕಿದ್ದು ವಿಶ್ವಾಮಿತ್ರ. ಬೇಜಾರಾಗಿರಬಹುದೆಂದು ಚೌಕಿಗೆ ಹೋದರೆ, ಎದೆವರೆಗಿನ ಬಿಳಿ ಗಡ್ಡವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಿ ಮುಂದೆ ಮೆಷಿನ್ನು ಓಡಿಸುತ್ತಿದ್ದರು.

“ಇದೆಂತ ಮಾಷ್ಟ್ರೆ, ಇವತ್ ಗಡ್ಡ ಕಟ್ಟುದಲ್ದಾ?”

“ಕಟ್ಟುಕೆ ಆರೂ ಅಡಿ ನುಣ್ಣಗ್ ಇರ್ಕ್ ಮರಾಯಾ. ಎಲ್ಲಿ, ನಿಂದ್ ಕಾಂಬ” ಎಂದು ಹತ್ತಿಗೆ ಕೈಹಾಕಿದರು.