ಲೇಪಮೀಮಾಂಸೆ, ಅಥವಾ ಪ್ರೊಸೆಸರಿನ ಮೇಲೆ ಕೂಲರನ್ನು ಪ್ರತಿಷ್ಠಾಪಿಸುವ ವಿಧಿ

ದೇವಾಲಯಗಳಲ್ಲಿ ಮೂರ್ತಿಗೂ ಪೀಠಕ್ಕೂ ನಡುವೆ ತುಂಬತಕ್ಕ ಅಷ್ಟಬಂಧದ ವಿಷಯದಲ್ಲಿ ನಮ್ಮ ಆಗಮಜ್ಞರು, ಅದರ ದ್ರವ್ಯಗಳಾವುವು, ಅವನ್ನು ಕುಟ್ಟಿ ಹದಗೊಳಿಸುವ ಕ್ರಮವೇನು, ಎಷ್ಟು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕು ಎಂಬಿವೆಲ್ಲವನ್ನೂ ವಿಸ್ತಾರವಾಗಿ ನಿರ್ಣಯಿಸಿಟ್ಟಿರುವಾಗ, ಗಣಕಯಂತ್ರದ ಪ್ರೊಸೆಸರಿಗೂ ಅದರ ಮೇಲೆ ಕೂರತಕ್ಕ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ವಿಷಯದಲ್ಲಿ ಮಾತ್ರ ಪಂಡಿತರು ಇಂದಿಗೂ ಒಮ್ಮತಕ್ಕೆ ಬಾರದೆ, ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಾದ ಅಂಗಡಿಗಳ ಗಲ್ಲಾಪೆಟ್ಟಿಗೆಗಳ ಮುಂದೆ ನಿಂತು ಹಗಲೆಲ್ಲ ವಾದಿಸುತ್ತಿರುವುದು ವಿದ್ವಲ್ಲೋಕಕ್ಕೆ ಭೂಷಣವೆನ್ನಲಾಗದು. ಈ ಕೊರತೆಯನ್ನು ನೀಗಿಸಲೆಂದೇ ಪ್ರಸ್ತುತ ಪ್ರಬಂಧವು ಹೊರಟಿದೆ. ಅಷ್ಟಬಂಧವು ಮೂರ್ತಿಯನ್ನು ಕದಲದಂತೆ ಹಿಡಿದಿರಬೇಕಾದದ್ದು. ನಮ್ಮ ಲೇಪಕ್ಕೆ ಹಿಡಿಯುವ ಹೊಣೆಯಿಲ್ಲ, ಆ ಕೆಲಸಕ್ಕೆ ಸ್ಕ್ರೂಗಳಿವೆ. ಅದು ಹನ್ನೆರಡು ವರ್ಷಕ್ಕೊಮ್ಮೆ ನವೀಕರಣವನ್ನು ಬೇಡಿದರೆ ಇದು ಕೆಲವೇ ವರ್ಷಗಳಲ್ಲಿ ಒಣಗಿ ಬೇಡತೊಡಗುತ್ತದೆ. ಇಷ್ಟನ್ನುಳಿದು ಮಿಕ್ಕೆಲ್ಲ ವಿಚಾರಗಳಲ್ಲಿ, ವಿಶೇಷವಾಗಿ ಪಂಗಡಗಳ ಸಂಖ್ಯೆಯಲ್ಲಿ, ಎರಡನೆಯದೇ ಹೆಚ್ಚು ಧಾರ್ಮಿಕವಾದುದು.

ಶಾಸ್ತ್ರಗ್ರಂಥದ ಆದಿಯಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಹೇಳತಕ್ಕದ್ದೆಂಬ ಹಿರಿಯರ ಕಟ್ಟಳೆಯನ್ನು ಮೀರುವ ಧೈರ್ಯ ನಮಗಿಲ್ಲ. ಆದರೆ ವಿಷಯವು ತಲೆಬರಹದಿಂದಲೇ ವಿದಿತವಾಗಿರುವುದರಿಂದಲೂ, ಪ್ರಯೋಜನವು ರಾತ್ರಿಯೆಲ್ಲ ಗೇಮ್ ಆಡುವ ಹುಡುಗರಿಗೆ ನಮಗಿಂತ ಚೆನ್ನಾಗಿ ತಿಳಿದಿರುವುದರಿಂದಲೂ, ಇಲ್ಲಿ ಅಧಿಕಾರಿಯ ಲಕ್ಷಣವೊಂದನ್ನು ನಿರೂಪಿಸಿದರೆ ಸಾಕು. ಯಾವನು ಕೆಲಸಕ್ಕೆ ಮೊದಲು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ತನ್ನ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ವಿಸರ್ಜಿಸಿರುವನೋ, ಯಾವನು ಬೆರಳಿನ ಜಿಡ್ಡನ್ನು ಲೋಹಕ್ಕೆ ಸೋಕಿಸದಿರುವನೋ, ಯಾವನು ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟಿರುವನೋ, ಅವನೇ ಅಧಿಕಾರಿ. ಉಡುಪಿನ ವಿಷಯದಲ್ಲಿ ಮಾತ್ರ ಸಂಪ್ರದಾಯಸ್ಥರಿಗೆ ಒಂದು ಆಘಾತ ಕಾದಿದೆ. ಮಿಕ್ಕೆಲ್ಲ ಶುಭಕರ್ಮಗಳಿಗೂ ಶ್ರೇಷ್ಠವೆನಿಸಿದ ಪಟ್ಟೆಮಡಿಯೂ ಉಣ್ಣೆಯ ಧಾಬಳಿಯೂ ಘರ್ಷಣೆಯಿಂದ ವಿದ್ಯುತ್ತನ್ನು ಸಂಚಯಿಸುವ ಸ್ವಭಾವದವಾದ್ದರಿಂದ ಇಲ್ಲಿ ನಿಷಿದ್ಧ. ಹತ್ತಿಯ ಪಂಚೆಯೊಂದೇ ಗ್ರಾಹ್ಯ.

ಇನ್ನು ಚರಿತ್ರೆ. ಕೃತಯುಗದಲ್ಲಿ ಧರ್ಮವು ನಾಲ್ಕು ಕಾಲುಗಳ ಮೇಲೆ ನಿಂತಿದ್ದಂತೆ, 1971ರಲ್ಲಿ ಅವತರಿಸಿದ ಇಂಟೆಲ್ 4004 ಎಂಬ ಪ್ರೊಸೆಸರು ತನ್ನ 2300 ಟ್ರಾನ್ಸಿಸ್ಟರುಗಳೊಡನೆ ಒಂದು ವಾಟಿನ ಆಸುಪಾಸಿನ ಶಾಖವನ್ನು ಹೊರಸೂಸುತ್ತ, ಕೂಲರಾಗಲಿ ಲೇಪವಾಗಲಿ ಬೇಡದೆ ಬತ್ತಲೆಯಾಗಿಯೇ ಬಾಳಿತು. 1993ರ ಪೆಂಟಿಯಂ ಬಂದಾಗ ತಲೆಯ ಮೇಲೊಂದು ಫ್ಯಾನು ಅನಿವಾರ್ಯವಾಯಿತು. 2004ರಲ್ಲಿ ಬಂದ ಪೆಂಟಿಯಂ 4ರ ಪ್ರೆಸ್ಕಾಟ್ ಎಂಬ ಅವತಾರವಂತೂ, 112 ಚದರ ಮಿಲಿಮೀಟರಿನ, ಅಂದರೆ ಕಿರುಬೆರಳ ಉಗುರಿನಷ್ಟು ಸಿಲಿಕಾನಿನಿಂದ ನೂರು ವಾಟಿನ ಸುತ್ತಮುತ್ತಲ ಶಾಖವನ್ನು ಉಗುಳಿ, ಕಲಿಯ ಪ್ರವೇಶವನ್ನು ನಿಸ್ಸಂದಿಗ್ಧವಾಗಿ ಸಾರಿತು. ಈ ಶಾಸ್ತ್ರದ ಪೂರ್ವಾಚಾರ್ಯನೆಂದು ನಾವು ಸ್ಮರಿಸಬೇಕಾದವನು ಫ್ರಾನ್ಸಿನ ಜೋಸೆಫ್ ಫೂರಿಯೆ. ಘನಪದಾರ್ಥದಲ್ಲಿ ಶಾಖವು ಸಾಗುವ ನಿಯಮವನ್ನು 1822ರ ತನ್ನ ಮಹಾಗ್ರಂಥದಲ್ಲಿ ನಿರೂಪಿಸಿದ ಮಹಾನುಭಾವನು. ನೆಪೋಲಿಯನ್ನನ ದಂಡಿನೊಡನೆ ಈಜಿಪ್ಟಿಗೆ ಹೋಗಿಬಂದ ಮೇಲೆ ಈತನಿಗೆ ಶಾಖದ ಮೇಲೆ ಅಪಾರ ಮೋಹವುಂಟಾಗಿ, ಕೋಣೆಯನ್ನು ಬೇಯುವಷ್ಟು ಕಾಯಿಸಿ, ದಪ್ಪನೆಯ ಕೋಟು ಹೊದ್ದು ಕೂತಿರುತ್ತಿದ್ದನೆಂದು ಅವನ ಚರಿತ್ರಕಾರರು ಹೇಳುವುದುಂಟು. ಶಾಖವನ್ನು ಹೊರಗಟ್ಟುವ ಶಾಸ್ತ್ರಕ್ಕೆ ಶಾಖಪ್ರಿಯನೇ ಮೂಲಪುರುಷನಾದ ಈ ವಿರೋಧಾಭಾಸದ ಪರಿಹಾರವನ್ನು ಅನ್ಯತ್ರ ಚರ್ಚಿಸುವೆವು, ಚರ್ಚಿಸದೆಯೂ ಇರಬಹುದು.

ಲೇಪವೇಕೆ ಬೇಕು? ಇದು ಪೂರ್ವಪಕ್ಷ. ಪ್ರೊಸೆಸರಿನ ನೆತ್ತಿಯ ಮೇಲಿರುವುದು ನಿಕ್ಕಲ್ ಲೇಪಿತ ತಾಮ್ರದ ತಗಡು. ಕೂಲರಿನ ಅಡಿಯೂ ಬಹುಮಟ್ಟಿಗೆ ತಾಮ್ರವೇ. ಕನ್ನಡಿಯಂತೆ ಹೊಳೆಯುವ ಎರಡು ಸಮತಲಗಳನ್ನು ಒಂದರ ಮೇಲೊಂದಿಟ್ಟ ಮೇಲೆ ನಡುವೆ ಮೂರನೆಯವರ ಮಧ್ಯಸ್ಥಿಕೆ ಯಾಕೆ ಎಂದು ವಾದಿಯು ಕೇಳುತ್ತಾನೆ. ಸಮಾಧಾನವೇನೆಂದರೆ, ಕಣ್ಣಿಗೆ ಸಮತಲವೆಂದು ತೋರುವುದು ಸೂಕ್ಷ್ಮದರ್ಶಕಕ್ಕೆ ಸಹ್ಯಾದ್ರಿಯ ಶ್ರೇಣಿ. ಶಿಖರಗಳಷ್ಟೇ ಪರಸ್ಪರ ತಾಕಿ, ಕಣಿವೆಗಳಲ್ಲೆಲ್ಲ ಗಾಳಿ ತುಂಬಿಕೊಂಡಿರುತ್ತದೆ. ಶಾಖವಾಹಕತೆಯ ಮಾನದಲ್ಲಿ ತಾಮ್ರದ್ದು ಸುಮಾರು 400 ಆದರೆ ಗಾಳಿಯದು 0.026, ಸಾಧಾರಣ ಲೇಪದ್ದು 4 ಎಂದಿಟ್ಟುಕೊಳ್ಳೋಣ. ಅಂದರೆ ಲೇಪವು ತಾಮ್ರದ ಮುಂದೆ ನೂರು ಪಾಲು ದರಿದ್ರ, ಗಾಳಿಯ ಮುಂದೆ ನೂರೈವತ್ತು ಪಾಲು ಕುಬೇರ. ಆದುದರಿಂದ ಗಾಳಿಯಿರುವೆಡೆಯಲ್ಲಿ ಲೇಪವಿರಬೇಕು, ತಾಮ್ರವು ತಾಮ್ರವನ್ನು ಮುಟ್ಟಬಲ್ಲ ಎಡೆಯಲ್ಲಿ ಇರಕೂಡದು. ಲೇಪಕ್ಕಾಗಿ ಸಾವಿರಾರು ರೂಪಾಯಿ ಸುರಿದವನಿಗೆ ಅದನ್ನು ಆದಷ್ಟು ಇಲ್ಲವಾಗಿಸುವುದೇ ಪರಮಗುರಿಯೆಂದು ತಿಳಿಸಿಹೇಳುವುದು ಸುಲಭವಲ್ಲ.

ಇದನ್ನು ತಿಳಿಯದುದರಿಂದಲೇ ಪಂಥಗಳು ಹುಟ್ಟಿದವು. ಪ್ರಾಚೀನತಮರೂ ಬಹುಸಂಖ್ಯಾತರೂ ಆದ ಬಿಂದುವಾದಿಗಳು ನಟ್ಟನಡುವೆ ಬಟಾಣಿ ಕಾಳಿನಷ್ಟು ಲೇಪವನ್ನಿಟ್ಟು ಕೈತೊಳೆದುಕೊಳ್ಳತಕ್ಕದ್ದೆನ್ನುತ್ತಾರೆ. ಆದರೆ ಯಾವ ಬಟಾಣಿ? ಹಸಿಯದೋ, ಒಣಗಿದ್ದೋ, ಹಿಂದಿನ ರಾತ್ರಿ ನೆನೆಯಿಟ್ಟು ಬೆಳಗ್ಗೆ ಸಾಗುವಿಗೆ ಹಾಕುವಂಥದೋ? ಈ ಮೂರರ ಗಾತ್ರಗಳಲ್ಲಿರುವ ಅಂತರವು ಒಂದು ಟ್ಯೂಬಿನ ಆಯುಸ್ಸನ್ನೇ ನಿರ್ಧರಿಸಬಲ್ಲುದಾದರೂ ಮೂಲಗ್ರಂಥಕಾರರು ಮೌನ ತಾಳಿದ್ದಾರೆ. ಇದರಿಂದ ಬೇಸತ್ತ ಉಪಪಂಥವೊಂದು ಅಕ್ಕಿಕಾಳನ್ನು ಪ್ರಮಾಣವಾಗಿ ಸ್ವೀಕರಿಸಿತು. ಸ್ವೀಕರಿಸಿದ ಮರುಕ್ಷಣವೇ ಅದರಲ್ಲಿ ಸೋನಾಮಸೂರಿಯವರೆಂದೂ ಕುಚ್ಚಲಕ್ಕಿಯವರೆಂದೂ ಒಡಕುಂಟಾಗಿ, ಘಟ್ಟದ ಮೇಲಿನವರೂ ಕೆಳಗಿನವರೂ ಪರಸ್ಪರರ ಪ್ರೊಸೆಸರುಗಳ ತಾಪವನ್ನು ಶಂಕೆಯಿಂದ ನೋಡುವಂತಾಯಿತು. 2017ರಲ್ಲಿ ಎ.ಎಂ.ಡಿ.ಯವರು ಥ್ರೆಡ್‌ರಿಪ್ಪರ್ ಎಂಬ, ಅಂಗೈಯ ಬಹುಭಾಗವನ್ನು ಆಕ್ರಮಿಸುವ ಬೃಹತ್ಕಾಯದ ಪ್ರೊಸೆಸರನ್ನು ಹೊರತಂದಾಗ ಬಿಂದುವಾದಿಗಳಿಗೆ ನಿಜವಾದ ಸಂಕಟ ಒದಗಿತು. ಒಂದು ಬಟಾಣಿಯ ಲೇಪವು ಆ ವಿಶಾಲ ಭೂಖಂಡದ ಮೂಲೆಗಳನ್ನು ಮುಟ್ಟಲಾರದೆ ಹೋಯಿತು.

ಅವರ ದುಃಸ್ಥಿತಿಯನ್ನು ಕಂಡು ಹಿಗ್ಗಿದವರು, ಮೂಲೆಯಿಂದ ಮೂಲೆಗೆ ಎರಡು ಗೆರೆಗಳನ್ನೆಳೆಯುವ ಗುಣಾಕಾರವಾದಿಗಳು. ಒಂದೇ ಗೆರೆ ಸಾಕೆಂಬ ರೇಖಾವಾದಿಗಳು ಮಿತವ್ಯಯಿಗಳು, ಅವರನ್ನು ಕುರಿತು ಹೇಳುವಂಥದು ಬಹಳವಿಲ್ಲ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಬೊಟ್ಟುಗಳನ್ನಿಡುವವರು ಸಮನ್ವಯಾಚಾರ್ಯರು. ಎಲ್ಲ ಸಮನ್ವಯಾಚಾರ್ಯರಂತೆ ಇವರಿಗೂ ಎಲ್ಲ ಕಡೆಯಿಂದ ಬೈಗುಳವೇ ದಕ್ಷಿಣೆ. ಆದರೆ ನಮ್ಮ ವಿಶೇಷ ಗಮನಕ್ಕೆ ಅರ್ಹರಾದವರು ಲೇಪನವಾದಿಗಳು. ಇವರು ಪುಟ್ಟ ಪ್ಲಾಸ್ಟಿಕ್ ಅಲಗೊಂದನ್ನು ಹಿಡಿದು, ಕಾವಲಿಯ ಮೇಲೆ ಹಿಟ್ಟನ್ನು ಹುಯ್ದು ಸೌಟಿನ ಬೆನ್ನಿನಿಂದ ತಿರುವುವವರ ಗಾಂಭೀರ್ಯದಿಂದ, ತಗಡಿನ ಅಂಚಂಚಿಗೂ ಲೇಪವನ್ನು ಸವರುತ್ತಾರೆ. ದೋಸೆಗೆ ತೂತು ಭೂಷಣ. ಇಲ್ಲಿಯಾದರೋ, ಸವರುವಾಗ ಸೆರೆಸಿಕ್ಕ ಗುಳ್ಳೆಯೊಂದೊಂದೂ ನಾವು ಓಡಿಸಲು ಹೊರಟ ಆ ಗಾಳಿಗೇ ಕೊಟ್ಟ ಜಹಗೀರೆಂದು ಬಿಂದುವಾದಿಗಳು ಇವರನ್ನು ಖಂಡಿಸುತ್ತಾರೆ. ಖಂಡನೆಯಲ್ಲಿ ಸತ್ಯಾಂಶವಿಲ್ಲದಿಲ್ಲ, ಆದರೂ ತೆಳುವಾಗಿ, ಸಮವಾಗಿ ಸವರಿದವನ ಯಂತ್ರವೂ ತಣ್ಣಗೇ ನಡೆಯುತ್ತಿರುವುದನ್ನು ಕಂಡು ಅವರು ಮಾತು ಬದಲಿಸುವುದನ್ನೂ ನಾವು ನೋಡಿದ್ದೇವೆ.

ಸಿದ್ಧಾಂತವೇನು? ಪಾರದರ್ಶಕವಾದ ಗಾಜಿನ ಫಲಕವೊಂದನ್ನು ಲೇಪದ ಮೇಲಿಟ್ಟು ಒತ್ತಿ ನೋಡಿದವರೆಲ್ಲರಿಗೂ ಅದು ಪ್ರತ್ಯಕ್ಷವಾಗಿದೆ. ಬಿಂದುವಾಗಲಿ ರೇಖೆಯಾಗಲಿ ಗುಣಾಕಾರವಾಗಲಿ, ನಾಲ್ಕು ಸ್ಕ್ರೂಗಳು ಬಿಗಿಯುತ್ತ ಬಂದಂತೆ ತಂತಮ್ಮ ರೂಪವನ್ನು ಕಳೆದುಕೊಂಡು ಒಂದೇ ತೆಳ್ಳನೆಯ ಪೊರೆಯಾಗಿ ಲೀನವಾಗುತ್ತವೆ. ಲೇಪವು ಸಾಕಷ್ಟಿದ್ದರೆ ಪಂಥಪಂಥಗಳ ನಡುವಣ ಭೇದವು ಬಹುಪಾಲು ಒಂದೆರಡು ಡಿಗ್ರಿಗೆ ಮೀರದು. ಹೆಚ್ಚಾದದ್ದು ಪಕ್ಕಕ್ಕೆ ಹಿಂಡಿ ಹೊರಬರುವುದು. ಸಾಮಾನ್ಯ ಲೇಪವು ವಿದ್ಯುದ್ವಾಹಕವಲ್ಲದ್ದರಿಂದ ಅದರ ಕೇಡು ಕೊಳೆಯಷ್ಟೇ. ಕಡಿಮೆಯಾದದ್ದೇ ನಿಜವಾದ ಪಾಪ. 2022ರ ಎ.ಎಂ.5 ಮಾದರಿಯ ಪ್ರೊಸೆಸರುಗಳ ತಗಡಿನ ಅಂಚಿನಲ್ಲಿ ಅಲ್ಲಲ್ಲಿ ಕಚ್ಚುಗಳಿದ್ದು, ಹಿಂಡಿದ ಲೇಪವು ಆ ಸಂದುಗಳಲ್ಲಿ ನೆಲೆನಿಲ್ಲುತ್ತದೆಂಬುದು ಶುಚಿರ್ಭೂತರಿಗೆ ನಿದ್ರೆಗೆಡಿಸಿದ ವಿಷಯವಾದರೂ ತಾಪಕ್ಕೆ ಅದರಿಂದ ಬಾಧೆಯಿಲ್ಲ.

ಹೀಗೆ ಫಲವು ಒತ್ತಡದ ಅಧೀನವಾಗಿರಲು, ಕೂಲರನ್ನು ಕೂರಿಸುವ ಕ್ರಮಕ್ಕೆ ಬರೋಣ. ಮೊಟ್ಟಮೊದಲು, ಕೂಲರಿನ ಅಡಿಗೆ ತಯಾರಕರು ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನು ಕೀಳತಕ್ಕದ್ದು. ಐದು ಪಂಥಗಳ ಸಾಹಿತ್ಯವನ್ನು ಅರೆದು ಕುಡಿದು, ಬಟಾಣಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಉತ್ಕೃಷ್ಟವಾದ ಲೇಪವನ್ನು ಈ ಪೊರೆಯ ಮೇಲೆಯೇ ಪ್ರತಿಷ್ಠಾಪಿಸಿ, ತರುವಾಯ ಯಂತ್ರವು ಕುದಿಯುವುದೇಕೆಂದು ಮತ್ತೊಂದು ಟ್ಯೂಬು ಕೊಳ್ಳಲು ಬರುವ ವಿದ್ವಾಂಸರಿಂದಲೇ ಎಸ್.ಪಿ. ರೋಡಿನ ಕೆಲವು ಅಂಗಡಿಗಳ ವ್ಯಾಪಾರ ನಡೆದಿದೆ ಎಂಬ ಮಾತು ಉತ್ಪ್ರೇಕ್ಷೆಯಾಗಿದ್ದೀತು. ಅನಂತರ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಸರದಿಯಂತೆ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಕೂಲರು ಒಂದು ಕಡೆಗೆ ವಾಲಿ ಲೇಪವೆಲ್ಲ ಇನ್ನೊಂದು ಕಡೆಗೆ ಸರಿಯುತ್ತದೆ. ಇಂಟೆಲ್ಲಿನವರು 2004ರ ಎಲ್.ಜಿ.ಎ. 775 ಸಾಕೆಟ್ಟಿನ ಕಾಲದಿಂದ ತಮ್ಮ ಪೆಟ್ಟಿಗೆಯೊಳಗಿನ ಕೂಲರಿಗೆ ಸ್ಕ್ರೂಗಳ ಬದಲು ನಾಲ್ಕು ಪ್ಲಾಸ್ಟಿಕ್ ಒತ್ತುಗೂಟಗಳನ್ನು ದಯಪಾಲಿಸಿದ್ದಾರೆ. ಮದರ್‌ಬೋರ್ಡು ಬಿಲ್ಲಿನಂತೆ ಬಾಗುವವರೆಗೆ ಹೆಬ್ಬೆರಳಿನಿಂದ ಒತ್ತಿದಾಗ ಮೂರು ಗೂಟಗಳು ಟಕ್ಕೆಂದು ಒಪ್ಪಿಗೆ ಸೂಚಿಸುತ್ತವೆ. ನಾಲ್ಕನೆಯದು ಸೂಚಿಸದು, ಅದನ್ನು ಒಪ್ಪಿಸುವಷ್ಟರಲ್ಲಿ ಮೊದಲನೆಯದು ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿರುತ್ತದೆ.

ಆವಾಹನೆಗಿಂತ ವಿಸರ್ಜನೆ ಕಠಿನವೆಂಬುದು ಎ.ಎಂ.4 ಸಾಕೆಟ್ಟಿನ ಭಕ್ತರಿಗೆ ಅನುಭವವೇದ್ಯ. ಆ ಪ್ರೊಸೆಸರುಗಳ ಹೊಟ್ಟೆಯಡಿ ಕೂದಲೆಳೆಯಂತಹ 1331 ಪಿನ್ನುಗಳಿರುತ್ತವೆ. ಅವನ್ನು ಹಿಡಿದಿರುವ ಸಾಕೆಟ್ಟಿನ ಹಿಡಿತಕ್ಕಿಂತ ವರ್ಷಗಟ್ಟಲೆ ಒಣಗಿದ ಲೇಪದ ಹಿಡಿತವೇ ಬಲವಾದಾಗ, ಮೇಲೆತ್ತಿದ ಕೂಲರಿನೊಡನೆ ಪ್ರೊಸೆಸರೂ ಬೇರುಸಹಿತ ಕಿತ್ತುಬರುತ್ತದೆ. ಹಿಡಿಯುವ ಹೊಣೆ ಲೇಪಕ್ಕಿಲ್ಲವೆಂದು ನಾವು ಆದಿಯಲ್ಲಿ ಪ್ರತಿಪಾದಿಸಿದ ಸೂತ್ರಕ್ಕೆ ಇದೊಂದು ಅಪವಾದವಾದರೂ, ಅಪವಾದವಿಲ್ಲದ ಸೂತ್ರಕ್ಕೆ ಭಾಷ್ಯ ಬರೆಯುವವರು ಯಾರು? ಪರಿಹಾರವಿಷ್ಟೆ: ಯಂತ್ರವನ್ನು ಕೆಲಕಾಲ ದುಡಿಸಿ ಲೇಪವು ಬೆಚ್ಚಗಾದ ಮೇಲೆ, ಆರಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ, ಸಡಿಲಿತೆಂದು ಖಾತ್ರಿಯಾದ ಬಳಿಕವಷ್ಟೇ ಎತ್ತುವುದು.

ದಿಕ್ಕಿನ ವಿಷಯ ಬಂದಾಗ ವಾಸ್ತುಪಂಡಿತರು ಈಶಾನ್ಯವನ್ನು ಕುರಿತು ಪ್ರಶ್ನಿಸುವುದು ಸಹಜ. ಕ್ಯಾಬಿನೆಟ್ಟಿಗೆ ಇರುವುದು ಮುಂದು ಮತ್ತು ಹಿಂದು ಎಂಬ ಎರಡೇ ದಿಕ್ಕುಗಳು. ಗೋಪುರಾಕಾರದ ಕೂಲರಿನ ಫ್ಯಾನು ಮುಂದಿನಿಂದ ಬಂದ ಗಾಳಿಯನ್ನು ಹಿಂದಿನ ಕಿಂಡಿಯತ್ತ ತಳ್ಳುವಂತಿರಬೇಕು. ಫ್ಯಾನಿನ ಮೋಟಾರನ್ನು ಹೊತ್ತ ಅಡ್ಡಕಂಬಿಗಳು ಯಾವ ಮಗ್ಗುಲಲ್ಲಿ ಕಾಣುವುವೋ ಗಾಳಿಯು ಆ ಮಗ್ಗುಲಿಗೆ ಹೊರಡುವುದೆಂದರಿತರೆ ಪಂಚಾಂಗದ ಅಗತ್ಯವಿಲ್ಲ. ಇಷ್ಟೆಲ್ಲ ವಿಧಿವತ್ತಾಗಿ ನೆರವೇರಿಸಿದರೂ, ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಆದುದರಿಂದ ಮೇ ತಿಂಗಳ ಕಲಬುರಗಿಯಲ್ಲಿ, ಹೊರಗೆ 40 ಡಿಗ್ರಿಯನ್ನು ದಾಟಿದ ಮಧ್ಯಾಹ್ನ, ಬಿಂದುವಾದಿಯೂ ಲೇಪನವಾದಿಯೂ ಸಮಾನವಾಗಿ ಬೆವರುತ್ತಾರೆ.

ಇನ್ನು ನಿಷಿದ್ಧ ದ್ರವ್ಯಗಳು. ದ್ರವಲೋಹವೆಂದು ಮಾರುವ ಗ್ಯಾಲಿಯಮ್ಮಿನ ಮಿಶ್ರಣವು ಶಾಖವಾಹಕತೆಯಲ್ಲಿ ಉಳಿದೆಲ್ಲ ಲೇಪಗಳನ್ನು ನಾಚಿಸತಕ್ಕದ್ದು ನಿಜ. ಆದರೆ ಅದು ಅಲ್ಯೂಮಿನಿಯಮ್ಮನ್ನು ಹೊಕ್ಕು ಪುಡಿಪುಡಿಯಾಗಿಸುವುದಲ್ಲದೆ, ತಾನೇ ವಿದ್ಯುದ್ವಾಹಕವಾದುದರಿಂದ ಒಂದು ಹನಿ ಜಾರಿದರೆ ಮದರ್‌ಬೋರ್ಡಿಗೆ ಸದ್ಗತಿ. ಟ್ಯೂಬು ಮುಗಿದ ನಡುರಾತ್ರಿಗಳಲ್ಲಿ ಹಲ್ಲುಜ್ಜುವ ಪೇಸ್ಟನ್ನೇ ಪ್ರೊಸೆಸರಿಗೆ ಬಳಿದು ನೋಡಿದ ಸಾಹಸಿಗಳೂ ಉಂಟು. ನೀರಿನಂಶವಿರುವವರೆಗೆ ಅದೂ ಮೆಚ್ಚುವಂತೆಯೇ ದುಡಿದು, ಒಣಗಿದೊಡನೆ ಸುಣ್ಣದ ಗಾರೆಯಾಗಿ ಕೈಬಿಡುತ್ತದೆ. ಈ ಪ್ರಯೋಗದ ವಿಲೋಮವನ್ನು ಶಾಸ್ತ್ರವು ಎಲ್ಲಿಯೂ ವಿಧಿಸಿಲ್ಲವಾದ್ದರಿಂದ, ಉಳಿದ ಥರ್ಮಲ್ ಪೇಸ್ಟಿನ ಟ್ಯೂಬಿಗೆ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಬಚ್ಚಲುಮನೆಯ ಗೂಡಿನಿಂದ ಸಾಕಷ್ಟು ದೂರದಲ್ಲಿ, ಬೆಳಗಿನ ಜಾವ ಕನ್ನಡಕವಿಲ್ಲದೆ ಏಳುವ ಹಿರಿಯರ ಕೈಗೆ ಸಿಗದಂತೆ ಇಡತಕ್ಕದ್ದು.