ವಿಹುವೇಲ-ಪ್ರಾಮಾಣ್ಯ-ವಿಚಾರ

ಗಿಟಾರಿನ ಆಕೃತಿಯನ್ನೂ ಲ್ಯೂಟಿನ ಶ್ರುತಿಕ್ರಮವನ್ನೂ ಏಕತ್ರ ಧರಿಸಿ ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಮೆರೆದು, 1536ರಿಂದ 1576ರವರೆಗೆ ಏಳು ಮುದ್ರಿತ ಸಂಗೀತಗ್ರಂಥಗಳನ್ನು ಪಡೆದು, ತರುವಾಯ ಮರೆಯಾದ ವಿಹುವೇಲವೆಂಬ ತಂತೀವಾದ್ಯವು ಇಂದಿಗೂ ಉಳಿದಿದೆಯೇ ಎಂಬುದು ಇಲ್ಲಿಯ ವಿಷಯ. ಉಳಿದಿರುವುದು ವಿಹುವೇಲವೇ ಎಂಬುದು ಸಂಶಯ. ಇವೆರಡರ ನಡುವಣ ಅವಕಾಶವೇ ಪಂಡಿತಮಂಡಲಿಯ ಜೀವನೋಪಾಯ.

ಈ ಸಂಶಯವನ್ನು ನೀಗಿಸಲು ಮುಂದಿಡುವ ಪ್ರಮಾಣಗಳಲ್ಲಿ ಮೊದಲನೆಯದು ಶಬ್ದಪ್ರಮಾಣ. ವಾದ್ಯದ ಉದರದೊಳಗೆ ಅಂಟಿಸಿದ ಚೀಟಿಯನ್ನು ಆಪ್ತವಾಕ್ಯವೆಂದು ಪೂರ್ವಿಕರು ನಂಬಿದ್ದರು. ಆದರೆ ಫ್ಲಾರೆನ್ಸಿನ ವರ್ತಕ ಲಿಯೊಪೋಲ್ಡೊ ಫ್ರಾಂಚೊಲೀನಿಯು ಹಳೆಯ ವಾದ್ಯಗಳಿಗೆ ಹೊಸ ಅಂಗಗಳನ್ನೂ ಹೊಸ ವಾದ್ಯಗಳಿಗೆ ಹಳೆಯ ಹೆಸರುಗಳನ್ನೂ ಸಮಾನ ಔದಾರ್ಯದಿಂದ ದಯಪಾಲಿಸಿ 1910ರಲ್ಲಿ ವಂಚನೆಗಾಗಿ ದಂಡಿತನಾದ ಮೇಲೆ, ಚೀಟಿಯಿಲ್ಲದ ವಾದ್ಯವೇ ಹೆಚ್ಚು ಸತ್ಯಸಂಧವೆಂಬ ಮತವು ಪ್ರಬಲವಾಯಿತು. ಲಿಸ್ಬನ್ನಿನ ಬೆಲ್ಶಿಯೊರ್ ಡೀಯಶ್ ತನ್ನ ಹೆಸರು, ಊರು, ತಿಂಗಳುಗಳೊಡನೆ 1581 ಎಂದು ಬರೆದಿಟ್ಟ ವಾದ್ಯವೊಂದು ಲಂಡನ್ನಿನಲ್ಲಿದೆ. ಕರ್ತೃವನ್ನೂ ಕಾಲವನ್ನೂ ಶಂಕಿಸಲಾರದೆ ವ್ಯಾಕುಲರಾದ ಪಂಡಿತರು, ಅದು ವಿಹುವೇಲವೋ ಗಿಟಾರೋ ಎಂದು ಅದರ ಜಾತಿಯನ್ನೇ ಶಂಕಿಸಿ ಸಮಾಧಾನ ಹೊಂದಿದರು.

ಎರಡನೆಯದು ಅನುಮಾನ. ಮೇಲ್ಹಲಗೆಯ ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದರೆ, ಕಡೆಯ ಉಂಗುರ ಬೆಳೆದ ವರ್ಷಕ್ಕೆ ಮುಂಚೆ ವಾದ್ಯವು ಹುಟ್ಟಿರಲಿಲ್ಲವೆಂದಷ್ಟೇ ಸಿದ್ಧವಾಗುವುದರಿಂದ, ಹಳೆಯ ತೊಲೆಯನ್ನು ಕೊಯ್ದು ನಿನ್ನೆ ಮಾಡಿದ ವಾದ್ಯವೂ ಇಲ್ಲಿ ಸಗೌರವವಾಗಿ ಉತ್ತೀರ್ಣವಾಗುತ್ತದೆ. ಮೂರನೆಯದಾದ ಶ್ರಾವಣಪ್ರತ್ಯಕ್ಷವಂತೂ, ತಂತಿ ಬಿಗಿದರೆ ಹಲಗೆ ಸೀಳೀತೆಂಬ ಭಯದಿಂದ, ಗಾಜಿನ ಕಪಾಟಿನಾಚೆಗೇ ನಿಂತಿದೆ.

ಇನ್ನು ಸಿದ್ಧಾಂತ. ಪ್ಯಾರಿಸ್ಸಿನ ಜಾಕ್‌ಮಾರ್-ಆಂದ್ರೆ ಸಂಗ್ರಹಾಲಯದಲ್ಲಿ 1936ರಲ್ಲಿ ಎಮಿಲಿಯೊ ಪುಜೋಲ್ ಗುರುತಿಸಿದ, ಗ್ವಾದಲೂಪೆ ಎಂಬ ಮುದ್ರೆಯುಳ್ಳ ವಿಹುವೇಲವು ಎಷ್ಟು ಬೃಹತ್ತಾಗಿದೆಯೆಂದರೆ, ಅದನ್ನು ಮಾಡಿದುದೇ ಕುಶಲಕರ್ಮಿಗಳ ಪರೀಕ್ಷೆಯಲ್ಲಿ ತೋರುವುದಕ್ಕಾಗಿ ಎಂದು ಕೆಲವರು ಊಹಿಸುತ್ತಾರೆ. ಕೀಟೋ ನಗರದ ಜೆಸ್ವಿಟ್ ದೇವಾಲಯದಲ್ಲಿರುವುದು, 1645ರಲ್ಲಿ ತೀರಿಕೊಂಡ ಸಂತ ಮರಿಯಾನಳದೆಂಬ ಪ್ರತೀತಿಯಿಂದ ಪೂಜ್ಯಾವಶೇಷವಾಗಿ ಉಳಿಯಿತು. ಹಗಲಿರುಳೂ ನುಡಿದ ಅವುಗಳ ಬಂಧುಗಳಾದರೋ ಸವೆದು, ಸೀಳಿ, ಗಿಟಾರಾಗಿ ಮಾರ್ಪಟ್ಟು ಕೃತಾರ್ಥವಾಗಿರಬೇಕು. ಆದುದರಿಂದ ನುಡಿದುದು ಉಳಿಯದು, ಉಳಿದುದು ನುಡಿಯದು ಎಂಬ ವ್ಯಾಪ್ತಿಯು ನಿರ್ಬಾಧವಾಗಿ ಸಿದ್ಧಿಸುತ್ತದೆ.

ಇದರಿಂದ ಫಲಿಸುವ ವಿಧಿಯಿಷ್ಟು: ತನ್ನ ವಾದ್ಯವು ನಾನೂರು ವರ್ಷಗಳ ಮೇಲೆ ಪ್ರಾಮಾಣಿಕವೆನಿಸಬೇಕೆಂದು ಬಯಸುವ ಸಂಗೀತಾಭಿಮಾನಿಯು ಇಂದಿನಿಂದಲೇ ಅಭ್ಯಾಸವನ್ನು ತ್ಯಜಿಸತಕ್ಕದ್ದು, ಈ ವ್ರತವನ್ನು ಅರಿಯದೆಯೇ ನಿಷ್ಠೆಯಿಂದ ಆಚರಿಸುತ್ತಿರುವ ಗೃಹಸ್ಥರು ಲೋಕದಲ್ಲಿ ಬಹುಸಂಖ್ಯರಾಗಿರುವುದು ಭಾವೀ ಸಂಶೋಧಕರ ಪುಣ್ಯವಿಶೇಷವೇ ಸರಿ.