ನಾಕು ಪಥ ಬಂತು, ಎರಡಾಗಿ ಹೋತು

"ಮಾಸ್ತರ, ಪುಣೆಯಿಂದ ಬೆಂಗಳೂರಿಗೆ ಹೊಂಟ ನಾಕು ಪಥದ ರಸ್ತೆ, ಧಾರವಾಡದ ನರೇಂದ್ರ ಬಂದ ಕೂಡ್ಲೆ ಎರಡು ಪಥ ಯಾಕಾಗಿತ್ರಿ?" ಎಂದು ಮುನವಳ್ಳಿಯ ಚಹಾದಂಗಡಿಯಲ್ಲಿ ಅಜ್ಜ ಕೇಳಿದರೆ, "ಕರಾರು ಹಂಗಿತ್ತು ಯಜ್ಜಾ, ರಸ್ತೆ ಕರಾರಿನ ಮಾತು ಕೇಳಬೇಕು" ಎನ್ನುತ್ತಾರೆ ಮಾಸ್ತರು. ಉತ್ತರದಲ್ಲಿ ಕುಚೋದ್ಯವಿದೆ, ಸುಳ್ಳಿಲ್ಲ. ನರೇಂದ್ರದಿಂದ ಹುಬ್ಬಳ್ಳಿಯ ಗಬ್ಬೂರಿನವರೆಗಿನ ಸುಮಾರು 30 ಕಿಲೋಮೀಟರ್ ಬೈಪಾಸನ್ನು ಖಾಸಗಿಯವರು ಕಟ್ಟಿ, ಟೋಲ್ ವಸೂಲಿ ಮಾಡಿ, ಅವಧಿ ಮುಗಿದ ಮೇಲೆ ಒಪ್ಪಿಸುವ ಏರ್ಪಾಡಿತ್ತು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಎರಡೂ ಕಡೆ ಹೆದ್ದಾರಿ ಅಗಲವಾಯಿತು. ನಡುವಿನ ಇದೊಂದು ತುಂಡು ಮಾತ್ರ ಕರಾರಿನ ಅಳತೆಗೇ ಉಳಿಯಿತು.

"ಸರಕಾರದ ಕಡೆ ರೊಕ್ಕ ಇರಲಿಲ್ಲೋ ಮಾರಾಯಾ, ಖಾಸಗಿಯವರು ಬರದಿದ್ರ ಲಾರಿ ಎಲ್ಲಾ ಊರಾಗ ಹಾಯತಿದ್ವು" ಎನ್ನುವ ಗುತ್ತಿಗೆದಾರ ಸಾವಕಾರರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಟ್ಟಲು ರೊಕ್ಕವಿರಲಿಲ್ಲ ಎಂಬುದು, ವಾಹನ ಹೆಚ್ಚಿದ ಮೇಲೂ ಅಗಲ ಮಾಡದಿರಲು ಕಾರಣವಾಗದು. "ಡ್ರೈವರ್‌ಗಳು ಜೋರು ಹೊಡೀತಾರ, ಅದಕ್ಕ ಅಪಘಾತ" ಎಂಬುದು ಅವರ ಎರಡನೆಯ ಬಾಣ. ಹೊಡೆಯುತ್ತಾರೆ, ನಿಜ. ನಡುವೆ ವಿಭಜಕವಿದ್ದರೆ ಚಾಲಕನ ತಪ್ಪಿಗೆ ಬಹುಪಾಲು ಆ ವಿಭಜಕವೇ ಪೆಟ್ಟು ತಿನ್ನುತ್ತದೆ; ಇಲ್ಲದಿದ್ದರೆ ಎದುರಿನಿಂದ ಬರುವವರು. 2021ರ ಜನವರಿ 15ರಂದು ಇದೇ ಬೈಪಾಸಿನಲ್ಲಿ, ಇಟಿಗಟ್ಟಿ ಬಳಿ ಟಿಪ್ಪರ್ ಡಿಕ್ಕಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರು ಜೀವ ಕಳೆದುಕೊಂಡರು. ಅವರು ಯಾವ ಕರಾರಿಗೂ ಸಹಿ ಹಾಕಿದವರಲ್ಲ.

ಆಮೇಲೆ ಆರು ಪಥದ ಕೆಲಸ ಕೈಗೆತ್ತಿಕೊಂಡರು. "ಆರಕ್ಕೂ ಟೋಲ್ ಇರತೈತೇನ್ರಿ?" ಅಜ್ಜನ ಕೊನೆಯ ಅನುಮಾನ. ಮಾಸ್ತರರು ಬಸಿ ಕೆಳಗಿಟ್ಟರು: "ರಸ್ತಾ ಮರತಾರು, ಅದನ್ನ ಮರೀತಾರೇನ ಯಜ್ಜಾ?"